ಮಗನ ಸ್ವಭಾವ, ತಂದೆಯ ಧರ್ಮ

ಗೃಹಸ್ಥನ ಮನೆಯಲ್ಲಿ ಏಳುವ ಪ್ರಶ್ನೆಗಳಲ್ಲಿ ಕೆಲವು ಪಂಚರ ಮುಂದೆ ಬರುತ್ತವೆ. ಕೆಲವು ಪಂಡಿತರ ಮುಂದೆ ಬರುತ್ತವೆ. ಕೆಲವು ಮಾತ್ರ ಎಲ್ಲಿಗೂ ಬಾರದೆ, ನಡುಮನೆಯ ಕದ ಹಾಕಿಕೊಂಡು ಒಳಗೇ ಉಳಿದುಬಿಡುತ್ತವೆ. ಪ್ರಾಯಕ್ಕೆ ಬಂದ ಮಗನು ತನ್ನ ಮನಸ್ಸು ಹೆಣ್ಣಿನ ಕಡೆಗೆ ಹರಿಯದು, ಗಂಡಿನ ಕಡೆಗೇ ಹರಿಯುತ್ತದೆ ಎಂದು ತಂದೆಗೆ ತಿಳಿಸಿದಾಗ, ಅಥವಾ ಅವನು ತಿಳಿಸದೆಯೇ ತಂದೆಗೆ ತಿಳಿದುಹೋದಾಗ, ಉಂಟಾಗುವ ಪ್ರಶ್ನೆ ಈ ಕೊನೆಯ ಜಾತಿಯದು. ಗದಗ-ಬೆಟಗೇರಿಯಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಾಗಲಿ, ಮನುಷ್ಯರಿರುವ ಊರುಗಳೇ ಆದುದರಿಂದ ಇಂತಹ ಮನೆಗಳು ಅಲ್ಲಿಯೂ ಇವೆ. ಆ ಮನೆಗಳಲ್ಲಿ ಸಾಮಾನ್ಯವಾಗಿ ಹಿಡಿಯುವ ದಾರಿಗಳು ಮೂರು: ಅವಸರದಿಂದ ಕನ್ಯೆ ನೋಡುವುದು, ವೈದ್ಯರ ಇಲ್ಲವೆ ಮಾಂತ್ರಿಕರ ಬಳಿಗೆ ಒಯ್ಯುವುದು, ಮನೆಯಿಂದ ಹೊರಗೆ ಹಾಕುವುದು. ನಾಲ್ಕನೆಯ ದಾರಿಯೊಂದು ಇದೆಯೇ? ಕೆಲವರಿಗೆ ಅದು ಕಲೆಯ ಮೂಲಕ ತೆರೆದಿದೆ ಎಂಬ ಮಾತು ಈಚೆಗೆ ಕೇಳಿಬರುತ್ತದೆ. ಅದು ಎಷ್ಟರಮಟ್ಟಿಗೆ ನಿಜ, ಹಾಗೆ ದೊರೆತ ಸ್ವೀಕಾರ ನಿಜವಾದ ಸ್ವೀಕಾರವೇ ಎಂಬುದು ವಿಚಾರಾರ್ಹವಾಗಿದೆ.

ಈ ವಿಚಾರಕ್ಕೆ ದೂರ ಹೋಗಬೇಕಾಗಿಲ್ಲ. ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಭಾರತವನ್ನು ರಚಿಸಿದನು. ಅದಕ್ಕೂ ಮೊದಲು, ಪುಲಿಗೆರೆಯ, ಎಂದರೆ ಇಂದಿನ ಲಕ್ಷ್ಮೇಶ್ವರದ, ಕನ್ನಡದ ತಿರುಳಿನಲ್ಲಿ ಮಹಾಕವಿ ಪಂಪನು ವಿಕ್ರಮಾರ್ಜುನ ವಿಜಯವನ್ನು ಬರೆದನು. ಈ ಎರಡು ಕಾವ್ಯಗಳಲ್ಲಿಯೂ ವಿರಾಟನಗರದ ಬೃಹನ್ನಳೆಯಿದ್ದಾಳೆ. ಅರ್ಜುನನು ಹೆಣ್ಣುಡುಗೆ ತೊಟ್ಟು ಅರಮನೆಗೆ ಬಂದು ನಾಟ್ಯ ಕಲಿಸುವುದಾಗಿ ಹೇಳುತ್ತಾನೆ. ದೊರೆ ತನ್ನ ಮಗಳು ಉತ್ತರೆಯನ್ನೇ ಶಿಷ್ಯೆಯಾಗಿ ಒಪ್ಪಿಸುತ್ತಾನೆ. ಇಲ್ಲಿಯವರೆಗಿನ ಕಥೆಯನ್ನು ಎಲ್ಲರೂ ಸಂತೋಷದಿಂದ ಹೇಳುತ್ತಾರೆ. ಆದರೆ ವಿಚಾರಕ್ಕೆ ಬೇಕಾದುದು ಮುಂದಿನ ಭಾಗ. ಕೌರವರು ಹಿಡಿದ ಗೋವುಗಳು ಬಿಡುಗಡೆಯಾದ ಸುದ್ದಿ ಬಂದಾಗ ವಿರಾಟನು ಮಗ ಉತ್ತರನ ಪರಾಕ್ರಮವನ್ನು ಹೊಗಳುತ್ತ ಕಂಕಭಟ್ಟನೊಡನೆ ಪಗಡೆಯಾಡುತ್ತಿರುತ್ತಾನೆ. ಬೃಹನ್ನಳೆ ಸಾರಥಿಯಾಗಿದ್ದ ಮೇಲೆ ಗೆಲವಿನಲ್ಲಿ ಆಶ್ಚರ್ಯವೇನೆಂದು ಕಂಕನು ಹೇಳುತ್ತಲೇ ದೊರೆ ಕೆರಳಿ ಕೈಯಲ್ಲಿದ್ದ ದಾಳವನ್ನು ಅವನ ಮುಖಕ್ಕೆ ಎಸೆಯುತ್ತಾನೆ. ಕಂಕನ ಮುಖದಿಂದ ನೆತ್ತರು ಹರಿಯುತ್ತದೆ.

ಬೃಹನ್ನಳೆಯ ಕಲೆ ವಿರಾಟನಿಗೆ ಬೇಕು. ಮಗಳ ಕಾಲಿಗೆ ಗೆಜ್ಜೆ ಕಟ್ಟಲು ಆ ಕೈ ಬೇಕು. ಆದರೆ ಕುಲದ ಗೆಲವಿನಲ್ಲಿ ಆ ಕೈಗೆ ಪಾಲಿದೆ ಎಂಬ ಮಾತು ಬೇಡ. ಕಲೆಯನ್ನು ಸ್ವೀಕರಿಸುವುದು ಬೇರೆ, ಕಲಾವಿದನನ್ನು ಸ್ವೀಕರಿಸುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ದೊರೆಯುವುದು ಕಷ್ಟ. ಇನ್ನೊಂದು ಮಾತೂ ಉಂಟು: ಕೊನೆಗೆ ತಂದೆಯ ಕಣ್ಣು ತೆರೆಸಿದವನು ಹೊರಗಿನ ಪಂಡಿತನಲ್ಲ, ಗೆದ್ದವನು ತಾನಲ್ಲವೆಂದು ಒಪ್ಪಿಕೊಂಡ ಮಗ ಉತ್ತರನೇ.

ಗದಗ ಸೀಮೆಯ ನಾಟಕ ಕಂಪನಿಗಳ ಇತಿಹಾಸವೂ ಇದನ್ನೇ ಹೇಳುತ್ತದೆ. ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಗದಗಿನದು. ಶಿರಹಟ್ಟಿ ವೆಂಕೋಬರಾಯರ ಕಂಪನಿಯ ಹೆಸರು ಊರಿನೊಡನೆಯೇ ಬೆರೆತಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕಂಪನಿ ನಾಟಕಗಳ ಸ್ತ್ರೀಪಾತ್ರಗಳನ್ನು ಬಹುಮಟ್ಟಿಗೆ ಗಂಡಸರೇ ವಹಿಸುತ್ತಿದ್ದರು. ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರು, ಅವರ ಹಿಂದೆಯೇ ಕುಂದಗೋಳದ ರಾಮಭಾವು, ಎಂದರೆ ಸವಾಯಿ ಗಂಧರ್ವರು, ಸ್ತ್ರೀಪಾತ್ರಗಳಿಂದ ಹೆಸರಾದರು. ಪೇಟೆಯ ಸಾವುಕಾರರು ಅಂಗಡಿ ಮುಚ್ಚಿ ಬಂದು ಮುಂದಿನ ಸಾಲಿನಲ್ಲಿ ಕುಳಿತು, ಸೀರೆಯುಟ್ಟ ಆ ಗಂಡಸಿನ ದುಃಖಕ್ಕೆ ಕಣ್ಣೀರು ಸುರಿಸಿ ಮನೆಗೆ ಹೋಗುತ್ತಿದ್ದರು. ಸ್ತ್ರೀಪಾತ್ರ ಮಾಡಿದವರೆಲ್ಲ ಸಲಿಂಗಾನುರಾಗಿಗಳು ಎಂದು ತಿಳಿಯುವುದು ಅವಿವೇಕ. ಪಾತ್ರ ಬೇರೆ, ನಟನ ಸ್ವಭಾವ ಬೇರೆ. ಹೇಳಬೇಕಾದುದು ಪ್ರೇಕ್ಷಕನ ವಿಷಯ. ಗಂಡುದೇಹದಲ್ಲಿ ಹೆಣ್ಣುಭಾವವನ್ನು ಕಂಡು ಮರುಗಬಲ್ಲ ಹೃದಯ ಅವನಲ್ಲಿ ಇತ್ತು. ಅದು ಮೂರು ತಾಸು ತೆರೆದಿದ್ದು, ಮಂಗಳ ಹಾಡಿದೊಡನೆ ಮುಚ್ಚಿಕೊಳ್ಳುತ್ತಿತ್ತು, ಅಷ್ಟೆ.

ಈ ಕಾಲದ ದೃಷ್ಟಾಂತಗಳಿಗೆ ಬರಬಹುದು. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದ ಮಗುವೇ ಇಂದು ನಾಡು ಬಲ್ಲ ಮಂಜಮ್ಮ ಜೋಗತಿ. ಅವರು ಲಿಂಗಾಂತರಿ, ಗಂಡಾಗಿಯೇ ಉಳಿದು ಗಂಡನ್ನು ಒಲಿಯುವವನ ಸಂಗತಿ ಬೇರೆ. ಈ ಎರಡನ್ನು ಒಂದೇ ಎಂದು ಎಣಿಸುವ ರೂಢಿ ತಪ್ಪಾದುದು. ಆದರೆ ತಂದೆತಾಯಿಗಳ ದಿಗಿಲು ಎರಡೂ ಕಡೆ ಒಂದೇ ಬಗೆಯದಾದುದರಿಂದ ಅವರ ಬಾಳು ಇಲ್ಲಿ ಪ್ರಸ್ತುತವಾಗಿದೆ. ಹರೆಯದಲ್ಲಿ ಹೆಣ್ಣುಭಾವ ಕಾಣಿಸಿಕೊಂಡಾಗ ಮನೆಯವರು ಅವರನ್ನು ಹುಲಿಗಿಯಲ್ಲಿ ದೇವಿಗೆ ಬಿಟ್ಟರು. ಮನೆ ತಪ್ಪಿತು, ಭಿಕ್ಷೆ ಬೇಡುವ ದಿನಗಳು ಬಂದವು, ಪ್ರಾಣ ಕಳೆದುಕೊಳ್ಳಲು ಯತ್ನಿಸಿ ಬದುಕಿ ಉಳಿದರು. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ತಂದೆ ಹಾಡುತ್ತಿರಲು ಮಗನು ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ ಜೋಗತಿ ನೃತ್ಯವನ್ನು ಕಂಡದ್ದು ಅವರ ಬಾಳಿನ ತಿರುವು. ಸ್ವಂತ ಮನೆಯನ್ನು ಕಳೆದುಕೊಂಡ ಜೀವಕ್ಕೆ ದಾರಿ ತೋರಿಸಿದ್ದು ಒಬ್ಬ ತಂದೆ ಮತ್ತು ಒಬ್ಬ ಮಗ ಕೂಡಿ ಆಡುತ್ತಿದ್ದ ಕಲೆ! ಮುಂದೆ ಕಾಳವ್ವ ಜೋಗತಿಯವರ ತಂಡದಲ್ಲಿ ಪಳಗಿದರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂದಿತು; 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು; 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸುವ ಮುನ್ನ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು.

ಅಂದಿನಿಂದ ಅವರನ್ನು ವೇದಿಕೆಗೆ ಕರೆಯದ ಊರಿಲ್ಲ. ಸಂತೋಷದ ಸಂಗತಿ. ಆದರೆ ವ್ಯಾಪಾರದ ಲೆಕ್ಕ ಬಲ್ಲವರು ಇಲ್ಲಿ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಪದಕ ಬಂದ ಮೇಲೆ ಸಿಕ್ಕ ಮನ್ನಣೆ ಮನುಷ್ಯನಿಗೋ ಪದಕಕ್ಕೋ? ನಷ್ಟದ ಖಾತೆಗೆ ಬರೆದಿದ್ದ ಮಗನು ಲಾಭ ತಂದನೆಂದು ಜಮಾ ಕಡೆಗೆ ತಿರುಗಿಸಿ ಬರೆದರೆ ಅದು ಜಮಾಖರ್ಚೇ ಹೊರತು ವಾತ್ಸಲ್ಯವಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ವಾತ್ಸಲ್ಯವನ್ನು ಆಚಾರ್ಯರು ಹೇಳಿದಾಗ ಹಸು ಕರುವನ್ನು ಒಲಿಯುವ ಒಲವನ್ನು ಉಪಮಾನವಾಗಿ ಕೊಟ್ಟರು. ಹಸು ಕರುವಿನ ಬಾಯಿಂದ ಮರುಪಾವತಿ ಬಯಸದು.

ಗದಗಿನ ಕಡೆಯ ಇನ್ನೊಬ್ಬ ತಂದೆಯನ್ನು ನೆನೆಯುವುದು ಇಲ್ಲಿ ಉಚಿತ. ಶಿಕ್ಷಕರಾಗಿದ್ದ ಗುರುರಾಜ ಜೋಶಿಯವರ ಮಗ ಭೀಮಸೇನನು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಹಾಡುಗಾರಿಕೆಯ ಹುಚ್ಚಿನಿಂದ ಮನೆ ಬಿಟ್ಟು ಓಡಿದನು. ತಂದೆ ಅರಸಿ ಅರಸಿ ಜಾಲಂಧರದಲ್ಲಿ ಅವನನ್ನು ಪತ್ತೆ ಹಚ್ಚಿ ಕರೆತಂದರು. 1936ರ ಹೊತ್ತಿಗೆ ಅದೇ ಮಗನು ಸವಾಯಿ ಗಂಧರ್ವರ ಶಿಷ್ಯನಾಗಿದ್ದನು. ಭೀಮಸೇನ ಜೋಶಿಯವರ ಸಂಗತಿಗೂ ಈ ಲೇಖನದ ವಿಷಯಕ್ಕೂ ಬೇರೆ ಸಂಬಂಧವಿಲ್ಲ. ಆದರೆ ಕ್ರಮವನ್ನು ಗಮನಿಸಬೇಕು. ಮಗನನ್ನು ಮನೆಗೆ ಕರೆತಂದಾಗ ಅವನಿನ್ನೂ ಏನೂ ಆಗಿರಲಿಲ್ಲ. ಕೀರ್ತಿ ಬಂದದ್ದು ಎಷ್ಟೋ ವರ್ಷಗಳ ಮೇಲೆ.

ಹಾಗಾದರೆ ಕಲೆ ಮಾಡುವ ಉಪಕಾರವೇನು? ಸಂಡೂರಿನಲ್ಲಿ ಜನಿಸಿದ ಕಥೆಗಾರ ವಸುಧೇಂದ್ರರು ಸಲಿಂಗಾನುರಾಗಿಯ ಬಾಳನ್ನು ಕುರಿತ ಮೊದಲ ಕಥೆಯನ್ನು ಬೇರೆ ಹೆಸರಿನಿಂದ ಪ್ರಕಟಿಸಿದರು. 2013ರಲ್ಲಿ ‘ಮೋಹನಸ್ವಾಮಿ’ ಸಂಕಲನವನ್ನು ಸ್ವಂತ ಹೆಸರಿನಲ್ಲಿಯೇ ಹೊರತಂದು, ತಾವೂ ಅಂಥವರೆಂಬುದನ್ನು ಮರೆಮಾಚದೆ ಹೇಳಿದರು. ಆ ಮೇಲೆ ಇಂತಹ ಯುವಕರು ಅವರನ್ನು ಅರಸಿ ಬರತೊಡಗಿದರು. ಮಂಡ್ಯ ಕಡೆಯ ಶ್ರೀಧರ ರಂಗಾಯನ್ ಅವರು 2018ರಲ್ಲಿ ‘ಈವನಿಂಗ್ ಶಾಡೋಸ್’ ಎಂಬ ಹಿಂದಿ ಚಲನಚಿತ್ರದಲ್ಲಿ, ಸಂಪ್ರದಾಯಸ್ಥ ಮನೆಗೆ ಮರಳಿದ ಮಗನೊಬ್ಬನು ತಾಯಿಗೆ ನಿಜವನ್ನು ತಿಳಿಸುವ ಪ್ರಸಂಗವನ್ನು ಚಿತ್ರಿಸಿದರು. ಆ ಮಗನ ವೃತ್ತಿ ಛಾಯಾಚಿತ್ರಗ್ರಹಣ. ತಂದೆ ಕಟುವಾದ ಮನುಷ್ಯ. ಎದುರಿಗೆ ನಿಂತ ಮಗನ ಮಾತಿಗೆ ತಂದೆ ಕೂಡಲೆ ಉತ್ತರ ಕೊಡಬೇಕಾಗುತ್ತದೆ, ಕೊಡುವ ಉತ್ತರ ಬಹುಶಃ ಕೋಪದ್ದೇ ಆಗಿರುತ್ತದೆ. ಪುಸ್ತಕಕ್ಕೆ ಉತ್ತರ ಕೊಡಬೇಕಾಗಿಲ್ಲ. ರಾತ್ರಿ ಒಬ್ಬನೇ ಕುಳಿತು ಓದಿ, ಮಡಿಸಿಟ್ಟು, ಮರುದಿನ ಮತ್ತೆ ತೆರೆಯಬಹುದು. ಸೋತೆನೆಂಬ ಅಪಮಾನವಿಲ್ಲದೆ ಅಭಿಪ್ರಾಯವನ್ನು ಬದಲಿಸಿಕೊಳ್ಳಲು ಕಲೆ ಎಡೆಗೊಡುತ್ತದೆ. ಹಿರಿಯರಿಗೆ ಇದು ಸಣ್ಣ ಉಪಕಾರವಲ್ಲ.

ಇನ್ನು ಶಾಸ್ತ್ರದ ಮಾತು. ಇಂತಹ ಮಗನನ್ನು ಹೊರಗಿಡುವವರು ಬಹುಮಟ್ಟಿಗೆ ಧರ್ಮದ ಹೆಸರನ್ನೇ ಹೇಳುವುದರಿಂದ ಶಾಸ್ತ್ರ ಏನನ್ನುತ್ತದೆ ಎಂಬುದನ್ನು ನೋಡಲೇಬೇಕು. ಕಾಮವನ್ನು ಶಾಸ್ತ್ರವು ‘ವೇದ’ ಎಂದು ಕರೆದು, ಚಾರಿತ್ರ ಮೋಹನೀಯ ಕರ್ಮದ ಒಂಬತ್ತು ನೋಕಷಾಯಗಳಲ್ಲಿ ಸೇರಿಸಿದೆ. ಗಂಡನ್ನು ಬಯಸುವ ಭಾವ ಸ್ತ್ರೀವೇದ, ಹೆಣ್ಣನ್ನು ಬಯಸುವುದು ಪುರುಷವೇದ, ಎರಡನ್ನೂ ಬಯಸುವುದು ನಪುಂಸಕವೇದ. ದೇಹದ ರಚನೆ ನಾಮಕರ್ಮದ ಫಲ, ಅದು ದ್ರವ್ಯವೇದ; ಬಯಕೆ ಮೋಹನೀಯದ ಫಲ, ಅದು ಭಾವವೇದ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ, ಈ ಎರಡು ಸಾಮಾನ್ಯವಾಗಿ ಹೊಂದಿಕೊಂಡಿರುತ್ತವೆ, ಕೆಲವರಲ್ಲಿ ವಿಷಮವಾಗಿರುತ್ತವೆ ಎಂದು ನಿರೂಪಿಸಿದ್ದಾರೆ. ಆ ಗ್ರಂಥಕ್ಕೆ ಕೇಶವವರ್ಣಿಯು 1359ರಲ್ಲಿ ಕನ್ನಡದಲ್ಲಿಯೇ ವೃತ್ತಿಯನ್ನು ಬರೆದನು. ಪುರುಷದೇಹದಲ್ಲಿ ಸ್ತ್ರೀವೇದದ ಉದಯ ಸಾಧ್ಯವೆಂಬ ಮಾತು, ಎಂದರೆ, ಪಶ್ಚಿಮದಿಂದ ಬಂದದ್ದಲ್ಲ. ಬೆಳಗೊಳದ ಗೊಮ್ಮಟನಷ್ಟೇ ಹಳೆಯದು.

ದಿಗಂಬರ ಆಚಾರ್ಯರು ಇನ್ನೂ ಮುಂದೆ ಹೋದರು. ಮೂಡಬಿದಿರೆಯ ತಾಡವೋಲೆಗಳಲ್ಲಿ ಉಳಿದುಬಂದ ಷಟ್ಖಂಡಾಗಮದ ಧವಲಾ ಟೀಕೆಯ ಪರಂಪರೆಯಂತೆ, ಪುರುಷದೇಹದಲ್ಲಿ ಭಾವಸ್ತ್ರೀವೇದವುಳ್ಳ ಜೀವವೂ ಸಂಯಮವನ್ನು ಧರಿಸಿ ಕ್ಷಪಕಶ್ರೇಣಿಯನ್ನು ಏರಬಲ್ಲದು. ಒಂಬತ್ತನೆಯ ಗುಣಸ್ಥಾನದಲ್ಲಿ ಮೂರು ವೇದಗಳೂ ಕ್ಷಯವಾಗುತ್ತವೆ. ಈ ವಿವೇಚನೆ ಹುಟ್ಟಿದ್ದು ಸ್ತ್ರೀಮುಕ್ತಿಯ ವಾದದ ನಡುವೆ. ಸಲಿಂಗಾನುರಾಗಿಯ ಪಕ್ಷವಹಿಸಲು ಯಾರೂ ಇದನ್ನು ಬರೆಯಲಿಲ್ಲ. ಅದನ್ನು ಒಪ್ಪಿಕೊಳ್ಳುವುದು ಪ್ರಾಮಾಣಿಕತೆ. ಆದರೆ ಯಾವ ಜೀವಕ್ಕೆ ಆಚಾರ್ಯರು ಮೋಕ್ಷದ ಬಾಗಿಲನ್ನು ಮುಚ್ಚಲಿಲ್ಲವೋ ಅದಕ್ಕೆ ತಂದೆಯೊಬ್ಬನು ಮನೆಯ ಬಾಗಿಲನ್ನು ಮುಚ್ಚುವುದು ಯಾವ ಶಾಸ್ತ್ರದ ಆಧಾರದಿಂದ?

ನೋಕಷಾಯಗಳ ಪಟ್ಟಿಯನ್ನು ಪೂರ್ತಿಯಾಗಿ ಓದಿದವರಿಗೆ ಮತ್ತೊಂದು ಸಂಗತಿ ಕಾಣದಿರದು. ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ, ಆ ಬಳಿಕ ಮೂರು ವೇದಗಳು. ಮಗನ ಬಯಕೆ ಯಾವ ಪಟ್ಟಿಯಲ್ಲಿದೆಯೋ, ಅದನ್ನು ಕೇಳಿ ತಂದೆಗೆ ಬರುವ ಭಯವೂ ಜುಗುಪ್ಸೆಯೂ ಅದೇ ಪಟ್ಟಿಯಲ್ಲಿವೆ. ತಂದೆಯ ಪುರುಷವೇದವೂ ಅಲ್ಲಿಯೇ ಇದೆ. ಮೂರು ವೇದಗಳ ತಾಪವನ್ನು ಶಾಸ್ತ್ರಕಾರರು ಹುಲ್ಲಿನ ಬೆಂಕಿ, ಬೆರಣಿಯ ಬೆಂಕಿ, ಇಟ್ಟಿಗೆಯ ಆವಿಗೆಯ ಬೆಂಕಿಗಳಿಗೆ ಹೋಲಿಸಿ ಹೆಚ್ಚುಕಡಿಮೆ ಮಾಡಿದ್ದು ನಿಜ. ಆದರೆ ಯಾವುದನ್ನೂ ತಂಪು ಎನ್ನಲಿಲ್ಲ. ಮಗನ ಉದಯಕರ್ಮಕ್ಕೆ ಮಗನು ಹೊಣೆ. ತನ್ನ ಜುಗುಪ್ಸೆಗೆ ತಂದೆ ಹೊಣೆ. ನಿರ್ವಿಚಿಕಿತ್ಸೆಗೆ ಉದಾಹರಣೆಯಾದ ಉದ್ದಾಯನ ರಾಜನು ರೋಗಿಷ್ಠ ಮುನಿ ವಾಂತಿ ಮಾಡಿಕೊಂಡಾಗ ಮುಖ ತಿರುಗಿಸಲಿಲ್ಲ. ಮಗನು ರೋಗಿಯೂ ಅಲ್ಲ.

ಪ್ರತಿಪಕ್ಷದ ಮಾತನ್ನೂ ಕೇಳಬೇಕು. ಸ್ವದಾರಸಂತೋಷ ವ್ರತದ ಅತಿಚಾರಗಳಲ್ಲಿ ಅನಂಗಕ್ರೀಡೆಯನ್ನು ತತ್ತ್ವಾರ್ಥಸೂತ್ರ ಹೇಳಿದೆಯಲ್ಲವೇ ಎಂದು ಕೇಳುವವರುಂಟು. ಹೌದು, ಹೇಳಿದೆ. ಅದರ ಜೊತೆಯಲ್ಲಿಯೇ ಕಾಮದ ತೀವ್ರಾಭಿನಿವೇಶವನ್ನೂ ಹೇಳಿದೆ. ಇವೆರಡೂ ವಿವಾಹಿತ ಗೃಹಸ್ಥರ ಶಯನಗೃಹಕ್ಕೂ ಅನ್ವಯಿಸುತ್ತವೆ. ಮಗನನ್ನು ತೂಗುವ ತಕ್ಕಡಿಯಲ್ಲಿಯೇ ತನ್ನನ್ನೂ ತೂಗಿಕೊಳ್ಳುವ ಸಿದ್ಧತೆ ಇದ್ದರೆ ತಂದೆ ಆ ಸೂತ್ರವನ್ನು ಎತ್ತಬಹುದು. ಅಲ್ಲದೆ ವ್ರತವೆಂಬುದು ಶಕ್ತ್ಯನುಸಾರವಾಗಿ ತಾನೇ ಹಿಡಿಯುವಂತಹದು. ಬಲವಂತದಿಂದ ಇನ್ನೊಬ್ಬರ ತಲೆಯ ಮೇಲೆ ಹೊರಿಸಿದ ವ್ರತಕ್ಕೆ ವ್ರತವೆಂಬ ಹೆಸರು ಸಲ್ಲದು.

ಹೊರಿಸುವ ಮಾತು ಬಂದುದರಿಂದ ಅಹಿಂಸಾಣುವ್ರತದ ಅತಿಚಾರಗಳು ನೆನಪಾಗುತ್ತವೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವನ್ನು ಎತ್ತಿಗೆ, ಕುದುರೆಗೆ, ಆಳಿಗೆ ಅನ್ವಯಿಸಿ ಪಾಠ ಹೇಳುವುದು ರೂಢಿ. ಮಗನನ್ನು ಕೋಣೆಯಲ್ಲಿ ಕೂಡಿಹಾಕುವುದು ಬಂಧ, ಹೊಡೆಯುವುದು ವಧ, ಊಟ ನಿಲ್ಲಿಸಿ ಹೊರಗೆ ಕಳಿಸುವುದು ಅನ್ನಪಾನನಿರೋಧ. ಇವೆಲ್ಲ ಸುಲಭವಾಗಿ ಗೋಚರವಾಗುತ್ತವೆ. ಗೋಚರವಾಗದೆ ನಡೆಯುವುದು ಅತಿಭಾರಾರೋಪಣ. “ಮದಿವಿ ಮಾಡಿದ್ರ ಎಲ್ಲಾ ಸರಿ ಹೋಗತೈತಿ” ಎಂಬ ಒಂದು ಮಾತಿನಿಂದ ಎಷ್ಟು ಮನೆಗಳಲ್ಲಿ ಈ ಭಾರವನ್ನು ಹೇರಲಾಗಿದೆಯೋ! ಆ ಭಾರ ಮಗನೊಬ್ಬನ ಮೇಲೆಯೇ ಬೀಳುವುದಿಲ್ಲ. ಏನೂ ಅರಿಯದ ಕನ್ಯೆಯೊಬ್ಬಳು ಹಸೆಮಣೆಯ ಮೇಲೆ ಕುಳಿತುಕೊಳ್ಳುತ್ತಾಳೆ. ವರ್ಷಗಟ್ಟಲೆ ತನ್ನಲ್ಲಿಯೇ ಯಾವುದೋ ಕೊರತೆಯಿದೆ ಎಂದುಕೊಂಡು ಸವೆಯುತ್ತಾಳೆ. ಅರಳೆಯ ಅಂಡಿಗೆಯಲ್ಲಿ ಕಳಪೆಯನ್ನು ಅಡಗಿಸಿ ಮಾರಿದರೆ ಅದು ಪ್ರತಿರೂಪಕ ವ್ಯವಹಾರ, ಅಚೌರ್ಯವ್ರತಕ್ಕೆ ಕಳಂಕ ಎಂದು ಬಲ್ಲ ವ್ಯಾಪಾರಿ, ಮಗನ ಮನಸ್ಸನ್ನು ಬಲ್ಲವನಾಗಿಯೂ ಬೇರೆಯವರ ಮಗಳನ್ನು ತಂದುಕೊಳ್ಳುವಾಗ ಅದನ್ನು ಏನೆಂದು ಕರೆಯುತ್ತಾನೆ? ಮಗನು ಕಳಪೆಯ ಸರಕಲ್ಲ. ಕಳಪೆಯಾದುದು ಆ ವ್ಯವಹಾರ. ಈ ಲೇಖನದ ವಿಷಯದಲ್ಲಿ ಎರಡನೆಯ ಅಭಿಪ್ರಾಯಕ್ಕೆ ಎಡೆಯೇ ಇಲ್ಲದ ಸಂಗತಿಯೊಂದಿದ್ದರೆ ಅದು ಇದೇ.

ನೆರೆಹೊರೆಯವರಿಗೂ ಟ್ರಸ್ಟಿನ ಪದಾಧಿಕಾರಿಗಳಿಗೂ ಸಂಬಂಧಿಸಿದ ಅತಿಚಾರವೊಂದುಂಟು. ಸತ್ಯಾಣುವ್ರತದ ಪ್ರಕರಣದಲ್ಲಿ ರಹೋಭ್ಯಾಖ್ಯಾನ, ಎಂದರೆ ಇನ್ನೊಬ್ಬರ ಗುಟ್ಟನ್ನು ಬಯಲು ಮಾಡುವುದು, ಮತ್ತು ಸಾಕಾರಮಂತ್ರಭೇದ, ಎಂದರೆ ಮುಖಭಾವದಿಂದ ಊಹಿಸಿದ್ದನ್ನು ಸಾರಿ ಹೇಳುವುದು, ಎರಡನ್ನೂ ದೋಷಗಳೆಂದು ಎಣಿಸಿದೆ. ಹೇಳಿದ ಸಂಗತಿ ನಿಜವಾಗಿದ್ದರೂ ಅದು ದೋಷವೇ. ಬಸದಿಯ ಕಟ್ಟೆಯ ಮೇಲೆ ಕುಳಿತು ಯಾರದೋ ಮಗನ ನಡಿಗೆಯನ್ನು ಕುರಿತು ಆಡುವ ಮಾತು ಈ ವರ್ಗದ್ದು.

ವೈದ್ಯಕೀಯ ಮತ್ತು ಕಾನೂನುಗಳ ವಿಷಯ ಸಂಕ್ಷೇಪವಾಗಿ ಹೇಳಿದರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಸಲಿಂಗಾನುರಾಗವನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ಭಾರತೀಯ ಮನೋವೈದ್ಯರ ಸಂಘವೂ 2018ರಲ್ಲಿ ಅದು ರೋಗವಲ್ಲವೆಂದು ಸಾರಿತು. ಅದನ್ನು ‘ಬದಲಿಸುವ’ ಚಿಕಿತ್ಸೆ ವೃತ್ತಿ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿತು. ಆದುದರಿಂದ ಹಣ ಪಡೆದು ಗುಣಪಡಿಸುತ್ತೇವೆ ಎನ್ನುವವರನ್ನು ನಂಬಬೇಕಾಗಿಲ್ಲ. ಬ್ರಿಟಿಷರು 1860ರ ದಂಡಸಂಹಿತೆಯಲ್ಲಿ ಇಟ್ಟಿದ್ದ 377ನೆಯ ಕಲಮು ಪ್ರಾಯಸ್ಥರ ಪರಸ್ಪರ ಸಮ್ಮತಿಯ ಸಂಬಂಧಕ್ಕೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆಗೆ ಹೆಸರು ಬಂದದ್ದು ಭರತನಾಟ್ಯ ಕಲಾವಿದ ನವತೇಜ್ ಸಿಂಗ್ ಜೋಹರ್ ಅವರಿಂದ. ಇಂತಹವರ ವಿವಾಹಕ್ಕೆ 2023ರ ಅಕ್ಟೋಬರಿನ ತೀರ್ಪಿನಲ್ಲಿ ಮಾನ್ಯತೆ ದೊರೆಯಲಿಲ್ಲ. ಅಪರಾಧವೆಂಬ ಕಳಂಕ ಮಾತ್ರ ಹೋಗಿದೆ.

ಕೊನೆಯದಾಗಿ ಉಳಿಯುವುದು ಕಲೆಯಿಲ್ಲದ ಮಗನ ಪ್ರಶ್ನೆ. ಎಲ್ಲರೂ ಕಥೆ ಬರೆಯಲಾರರು, ಎಲ್ಲರ ತಲೆಯ ಮೇಲೂ ಕೊಡ ನಿಲ್ಲದು. ಗದಗಿನ ಪೇಟೆಯಲ್ಲಿ ಬೆಳಿಗ್ಗೆ ಅಂಗಡಿ ತೆರೆದು, ರೋಕಡಿ ಬರೆದು, ಸಂಜೆ ಸೂರ್ಯಾಸ್ತಕ್ಕೆ ಮೊದಲು ಊಟಕ್ಕೆ ಬರುವ ಸಾಧಾರಣ ಮಗನಿಗೆ ತಂದೆಯ ಮುಂದೆ ಇಡಲು ಪದಕವಿಲ್ಲ, ಪುಸ್ತಕವಿಲ್ಲ. ಅವನೇ ಹೆಚ್ಚಿನವನು. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಆದಿನಾಥನು ಮಕ್ಕಳಿಗೆ ವಿದ್ಯೆ ಕಲಿಸುವ ಪ್ರಸಂಗವಿದೆ. ಬ್ರಾಹ್ಮಿಗೆ ಲಿಪಿ, ಸುಂದರಿಗೆ ಅಂಕೆ, ಭರತನಿಗೆ ಅರ್ಥಶಾಸ್ತ್ರದೊಡನೆ ನೃತ್ಯಶಾಸ್ತ್ರ, ವೃಷಭಸೇನನಿಗೆ ಗಾಂಧರ್ವ, ಅನಂತವಿಜಯನಿಗೆ ಚಿತ್ರಕಲೆ. ಚಕ್ರವರ್ತಿಯಾಗಬೇಕಾದ ಹಿರಿಯ ಮಗನಿಗೆ ತಂದೆಯೇ ಕುಣಿತವನ್ನು ಕಲಿಸಿದನು. ಒಬ್ಬನಿಗೆ ಕೊಟ್ಟದ್ದನ್ನು ಇನ್ನೊಬ್ಬನಿಂದ ಕೇಳಲಿಲ್ಲ.

ಸಾಧಾರಣ ಮಗನ ವಿಷಯದಲ್ಲಿ ತಂದೆ ಮಾಡಬಹುದಾದ ಕೆಲಸಗಳು ಬಹಳ ಸಾಧಾರಣವಾದವು. ಕನ್ಯೆಯ ಕಡೆಯವರಿಗೆ ಬರಮಾಡಿಕೊಳ್ಳುವ ಪತ್ರ ಬರೆಯದಿರುವುದು. ಅಷ್ಟಾಹ್ನಿಕದ ಪೂಜೆಗೆ ಮನೆಯವರೆಲ್ಲ ಹೊರಟಾಗ ಅವನನ್ನೂ ಕರೆಯುವುದು. ಅವನ ಗೆಳೆಯನು ಮನೆಗೆ ಬಂದರೆ ಒಂದು ತಟ್ಟೆ ಹೆಚ್ಚಾಗಿ ಹಾಕಿಸುವುದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ಪಿತ್ರಾರ್ಜಿತದಲ್ಲಿ ಮಗನ ಪಾಲು ಅವನು ಮದುವೆಯಾಗುವುದನ್ನು ಅವಲಂಬಿಸಿಲ್ಲ. ಆದರೂ ಮದುವೆಯಿಲ್ಲದವನಿಗೆ ಪಾಲೇಕೆ ಎಂದು ಅಣ್ಣತಮ್ಮಂದಿರು ಎತ್ತುವ ಮಾತು ತಂದೆಯ ಕಾಲಾನಂತರವೇ ಬರುವಂತಹದು. ಆದುದರಿಂದ ತಂದೆ ಬದುಕಿರುವಾಗಲೇ ಅಂಗಡಿಯ ಪಾಲುಪತ್ರವನ್ನೂ ಮೃತ್ಯುಪತ್ರವನ್ನೂ ಬರೆಸಿ, ನೋಂದಣಿ ಕಚೇರಿಯಲ್ಲಿ ದಾಖಲಿಸಿ, ಅದರ ಒಂದು ಪ್ರತಿಯನ್ನು ಆ ಮಗನ ಕೈಗೆ ಕೊಡಬೇಕು. ಉಳಿದ ಮಕ್ಕಳನ್ನು ಕೂಡಿಸಿ, ಅವರ ಎದುರಿನಲ್ಲಿ ಕೊಡಬೇಕು.